ಕೂಸಿನ ಹೊರೆ

ನಮ್ಮೂರ ಗುಡಿಯ ಹೊಸ್ತಿಲು ಒಂದು ಗೇಣಿಗಿಂತ ಎತ್ತರವಿಲ್ಲ. ಆಗಷ್ಟೇ ನಡೆಯಲು ಕಲಿತ ಕೂಸು ಕೂಡ ಅದನ್ನು ದಾಟಿ ಒಳಗೆ ಹೋಗಿ ಆಡಿಕೊಂಡು ಬರುತ್ತದೆ. ದಾಟಲಾಗದವರು ನಾವು, ದೊಡ್ಡವರು. ಮನಸ್ಸಿನಲ್ಲಿ ಸಂಸಾರದ ಒಂದು ಎಳೆ ಉಳಿದಿದ್ದರೂ ಆ ಹೊಸ್ತಿಲ ಮುಂದೆ ಕಾಲು ಮೇಲೇಳುವುದಿಲ್ಲ. ಹಿಂದೊಮ್ಮೆ ಯಾರೋ ದೇಸಾಯಿ ನಾಲ್ಕು ಆಳುಗಳಿಂದ ತನ್ನನ್ನು ಎತ್ತಿಸಿಕೊಂಡು ಒಳಗೆ ಹೋಗಲು ನೋಡಿದನಂತೆ. ಆಳುಗಳಿಗೇನು ಸಂಸಾರವಿರಲಿಲ್ಲವೇ? ಅವರ ಕಾಲೂ ಏಳದೆ, ದೇಸಾಯಿ ಅವರ ಹೆಗಲ ಮೇಲೆ, ಮಧ್ಯಾಹ್ನದವರೆಗೆ ಹಾಗೇ ನಿಂತಿದ್ದರಂತೆ. ಇಂಥವರಿಗಾಗಿಯೇ ನಾವಿರುವುದು.

ಗುಡಿಯ ಎದುರಿನ ಕಲ್ಲುಕಟ್ಟೆಯ ಮೇಲೆ ನಾವು ಹೊರೆಯವರು ಕೂತಿರುತ್ತೇವೆ. ಒಳಗೆ ಹೋಗಬೇಕಾದವರು ನಮ್ಮ ಮುಂದೆ ಕುಕ್ಕರಗಾಲಲ್ಲಿ ಕೂತು, ಅಂಗೈ ಮೇಲೆ ಅಂಗೈ ಇಟ್ಟು, ತಮ್ಮನ್ನು ಹಿಡಿದು ಜಗ್ಗುತ್ತಿರುವುದು ಏನೆಂದು ಹೆಸರಿಟ್ಟು ಹೇಳಿ ‘ಹಿಡಕೋ’ ಅನ್ನಬೇಕು. ಅಷ್ಟಾದರೆ ಅದು ಅವರನ್ನು ಬಿಟ್ಟು ನಮಗೆ ಬರುತ್ತದೆ. ಅವರು ಹಗುರಾಗಿ ಒಳಗೆ ಹೋಗುತ್ತಾರೆ. ಹೊರಗೆ ಬಂದು ಮತ್ತೆ ಅಂಗೈ ಇಟ್ಟು ‘ಕೊಡು’ ಅನ್ನುತ್ತಾರೆ, ನಾವು ‘ತಗೋ’ ಅನ್ನುತ್ತೇವೆ. ಎರಡೂ ಮಾತು ಮನಸ್ಸಿನಿಂದ ಬಂದರೆ ಮಾತ್ರ ಹೊರೆ ತಿರುಗಿ ಹೋಗುತ್ತದೆ. ಹೋಗುವಾಗ ಒಂದು ಹಿಡಿ ಜೋಳ ನಮ್ಮ ಮೊರಕ್ಕೆ ಹಾಕುತ್ತಾರೆ.

ಹಿಡಿದಿರುವಷ್ಟು ಹೊತ್ತು ಆ ಹೊರೆ ನಮ್ಮದೇ. ಮದುವೆಯಾಗಿ ಮೂರೇ ದಿನವಾದ ಹುಡುಗನೊಬ್ಬ ಹೊಸ ಹೆಂಡತಿಯ ಮೇಲಿನ ಆಸೆಯನ್ನು ನನ್ನ ಕೈಗಿಟ್ಟು ಒಳಗೆ ಹೋಗಿದ್ದ. ಆ ಹುಡುಗಿ ಎದುರಿಗೆ ಅರಳಿಮರದ ಕೆಳಗೆ ಕೂತಿದ್ದಳು. ಅವಳು ಸೆರಗು ಸರಿಮಾಡಿಕೊಂಡಾಗಲೆಲ್ಲ ಐವತ್ತು ದಾಟಿದ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಬಾಳವ್ವ ನನ್ನ ಮುಖ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದೇ ನಕ್ಕಿದ್ದು. ನಶ್ಯದ ಚಟ, ದಾಯಾದಿಯ ಮೇಲಿನ ಹಗೆ, ಬಸುರಿ ಮಗಳ ಚಿಂತೆ, ಕಳೆದ ಬುಗುಡಿಯ ಹಳಹಳಿ, ಏನೇನು ಹಿಡಿದಿಲ್ಲ ನಾನು. ಊರಿನ ಒಳಗುಟ್ಟೆಲ್ಲ ನನಗೆ ಗೊತ್ತಿದೆ. ಆದರೆ ಬಾಯಿ ಬಿಟ್ಟರೆ ಹೊಟ್ಟೆಗಿಲ್ಲ.

ನಾನು ಮಾತ್ರ ಗುಡಿಯ ಒಳಗೆ ಕಾಲಿಟ್ಟವಳಲ್ಲ. ಕಟ್ಟೆಗೆ ಬಂದ ಎರಡನೆಯ ವರ್ಷವೇ ಒಬ್ಬ ಮುದುಕಪ್ಪ ಮನೆಯ ಬಾಗಿಲಿಗೆ ಅಗಳಿ ಹಾಕಿದೆನೋ ಇಲ್ಲವೋ ಎಂಬ ಚಿಂತೆಯನ್ನು ನನ್ನ ಕೈಗಿಟ್ಟು ಒಳಗೆ ಹೋದವನು ಅಲ್ಲೇ ಪ್ರಾಣ ಬಿಟ್ಟ. ಕೊಟ್ಟವನೇ ತೆಗೆದುಕೊಳ್ಳಬೇಕು, ಇನ್ನೊಬ್ಬ ಹೊರೆಯವಳಿಗೆ ದಾಟಿಸಲು ಬರುವುದಿಲ್ಲ. ಅಂದಿನಿಂದ ಯಾರದೋ ಮನೆಯ ಅಗಳಿ ನನ್ನ ತಲೆಯಲ್ಲಿ ಕೂತಿದೆ. ಆ ಮನೆ ಬಿದ್ದು ಅಲ್ಲಿ ಎಕ್ಕೆ ಗಿಡ ಬೆಳೆದು ಎಷ್ಟೋ ವರ್ಷವಾಯಿತು, ಚಿಂತೆ ಬಿದ್ದಿಲ್ಲ. ಹೀಗಾಗಿ ದೇವರ ಮುಖ ನನಗೆ ಬರೆದಿಲ್ಲ. ಒಳಗೆ ಹೋಗಿ ಬಂದವರ ಮುಖ ನೋಡುತ್ತ, ಅವರು ಏನು ಕಂಡರೋ ಎಂದು ಹೊಟ್ಟೆಕಿಚ್ಚು ಪಡುತ್ತ ಕೂತವಳು ನಾನು. ಗಂಡ ಬೇಗ ಹೋದ. ಮಕ್ಕಳಾಗಲಿಲ್ಲ. ನನಗೆ ಸಿಕ್ಕಿದ್ದೆಲ್ಲ ಮಂದಿಯ ತುರಿಕೆ, ಮಂದಿಯ ಜಗಳ.

ನನ್ನನ್ನು ಕಟ್ಟೆಯ ಮೇಲೆ ಕೂರಿಸಿದವಳು ಅತ್ತೆ. ಅವಳು ಎರಡು ಕಟ್ಟಳೆ ಹೇಳಿಕೊಟ್ಟಿದ್ದಳು. ಸೂರ್ಯ ಮುಳುಗುವ ಮುಂಚೆ ಹೊರೆ ತೆಗೆದುಕೊಳ್ಳದೆ ಯಾರಾದರೂ ಮೆಟ್ಟಿಲಿಳಿದರೆ ಕಟ್ಟೆಯ ಮೇಲೆ ನಿಂತು ಕೂಗು ಹಾಕಬೇಕು. ಊರವರು ಹಿಡಿದು ತಂದು ತೆಗೆದುಕೊಳ್ಳುವಂತೆ ಮಾಡುತ್ತಾರೆ. ಅವತ್ತು ಕೂಗದಿದ್ದರೆ ಮುಗಿಯಿತು, ಮರುದಿನದಿಂದ ಯಾರೂ ಯಾರನ್ನೂ ಒತ್ತಾಯ ಮಾಡುವಂತಿಲ್ಲ. ಎರಡನೆಯದನ್ನು ಅವಳು ಸಾಯುವ ಮುಂಚೆ ನನ್ನ ಕೈ ಹಿಡಿದು ಇನ್ನೊಮ್ಮೆ ಹೇಳಿದ್ದಳು. ಕೂಸಿನ ಹೊರೆ ಹಿಡಿಯಬಾರದು. ಹೆತ್ತವರು ಅತ್ತರೂ, ಕಾಲಿಗೆ ಬಿದ್ದರೂ, ಕೈ ಹಿಂದಕ್ಕೆ ತೆಗೆಯಬೇಕು. ಯಾಕೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗಾಣದ ಅಡಿವೆಪ್ಪ ಮದುವೆಗೆ ಮುಂಚೆ ದೇವರ ಹುಚ್ಚಿನವನು. ವಾರಕ್ಕೆ ಮೂರು ಸಲ ಒಳಗೆ ಹೋಗಿ ಬರುತ್ತಿದ್ದ. ಕೊಡಲು ಹೊರೆಯೇ ಇಲ್ಲದೆ ಸುಮ್ಮನೆ ನಡೆದು ಹೋಗುತ್ತಿದ್ದವನನ್ನು ನಾನು ಕಂಡಿದ್ದು ಅವನೊಬ್ಬನನ್ನೇ. ಆಮೇಲೆ ಮನೆಯವರ ಒತ್ತಾಯಕ್ಕೆ ಮದುವೆಯಾದ. ಹೆಂಡತಿ ಹೆಣ್ಣು ಹೆತ್ತು, ಅದರ ಮುಖ ಸರಿಯಾಗಿ ನೋಡುವ ಮುಂಚೆ ಕಣ್ಣು ಮುಚ್ಚಿದಳು. ಹೊಳೆವ್ವ ಎಂದು ಹೆಸರಿಟ್ಟು ಆ ಕೂಸನ್ನು ಅವನೇ ಸಾಕಿದ. ಎಮ್ಮೆಯ ಹಾಲಿಗೆ ನೀರು ಬೆರೆಸಿ ಬತ್ತಿ ಅದ್ದಿ ಕುಡಿಸಿದ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಗಾಣಕ್ಕೆ ಎಳ್ಳು ಹಾಕಿದ. ದೊಡ್ಡವಳಾದ ಮೇಲೆ ತಲೆ ಬಾಚಿ ಎರಡು ಹೆರಳು ಹಾಕುವುದನ್ನು ಬಾಳವ್ವನ ಸೊಸೆಯಿಂದ ಕಲಿತ. ಗಂಡಸು ಹೆರಳು ಹಾಕುತ್ತಾನೆಂದು ಊರು ನಕ್ಕಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದರು. ಹೊಳೆವ್ವ ಹೆಗ್ಗಣವೇನಲ್ಲ, ಚೆಂದದ ಹುಡುಗಿ, ಸ್ವಲ್ಪ ಬಾಯಿಬಡುಕಿ.

ಅವಳು ಹುಟ್ಟಿದ ಮೇಲೆ ಅಡಿವೆಪ್ಪನ ಕಾಲು ಹೊಸ್ತಿಲ ಮುಂದೆ ಏಳಲಿಲ್ಲ. ಏಳು ವರ್ಷ ಬಂದ. ಎತ್ತಿನ ಕಾಯಿಲೆ, ಎಣ್ಣೆಯ ಚಿಂತೆ, ಸತ್ತ ಹೆಂಡತಿಯ ನೆನಪು, ಇದ್ದಬದ್ದದ್ದನ್ನೆಲ್ಲ ನನ್ನ ಕೈಗಿಟ್ಟು ನೋಡಿದ. ಕಾಲು ನೆಲಕ್ಕೆ ಅಂಟಿದ್ದು ಅಂಟಿದ್ದೇ. ಆ ಚಿಂತೆಗಳಿಗೆಲ್ಲ ಬೇರಾಗಿ ಏನು ಉಳಿದಿದೆ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಂದು ಸೋಮವಾರ ಮಗಳನ್ನು ಅರಳಿಮರದ ಕೆಳಗೆ ಕೂರಿಸಿ ಬಂದು ನನ್ನ ಮುಂದೆ ಕೂತ.

“ಯಕ್ಕಾ, ಹೊಳೆವ್ವನ್ನ ಹಿಡಕೋ” ಅಂದ.

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಅದು ನಮ್ಮಲ್ಲಿ ನಡೆಯುವುದಿಲ್ಲ ಎಂದು ಹೇಳಿದೆ. ಅವನು ಜಗಳ ಮಾಡಲಿಲ್ಲ, ಕಾಲಿಗೂ ಬೀಳಲಿಲ್ಲ. ಗುಡಿಯ ಕಡೆ ನೋಡಿಕೊಂಡು ಕೂತ. “ಏಳು ವರ್ಷ ಆತು ಯಕ್ಕಾ ಅವನ ಮಾರಿ ನೋಡಿ. ಒಳಗ ಅದಾನ ಅಂತ ಗೊತ್ತಿದ್ದು ಹೊರಗ ನಿಲ್ಲೂದು ಹೆಂಗಿರತೈತಿ, ನಿನಗ ಹೇಳಬೇಕೇನು?” ಅಂದ. ಆ ಮಾತು ನನಗೆ ನಾಟಿತು. ಹೊರಗೆ ನಿಲ್ಲುವುದು ಹೇಗಿರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮರುಕದಿಂದ ಹಿಡಿದೆ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ, ಮಕ್ಕಳಿಲ್ಲದವಳಿಗೆ ಅದು ಹೇಗಿರುತ್ತದೆ ನೋಡೋಣ ಎಂಬ ಆಸೆಯೂ ಇತ್ತು. ಕೈ ಚಾಚಿದೆ.

ಅದು ಬಂದಾಗ ನಾನು ಕಟ್ಟೆಯ ಕಲ್ಲನ್ನು ಹಿಡಿದುಕೊಳ್ಳಬೇಕಾಯಿತು. ಅಡಿವೆಪ್ಪ ಎದ್ದು ನಡೆದ, ಹೊಸ್ತಿಲನ್ನು ಅದು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ದಾಟಿದ. ನಾನು ಅದನ್ನೂ ಪೂರ್ತಿ ನೋಡಲಿಲ್ಲ. ನನ್ನ ಕಣ್ಣು ಅರಳಿಮರದ ಕೆಳಗಿತ್ತು. ಅವಳ ಎಡಗಡೆಯ ಮೇಲಿನ ಹಲ್ಲು ಅಲ್ಲಾಡುತ್ತಿದೆ, ರೊಟ್ಟಿಯ ಸುಟ್ಟ ಅಂಚನ್ನು ಯಾರೂ ನೋಡದಾಗ ನಾಯಿಗೆ ಹಾಕುತ್ತಾಳೆ, ಗುಡುಗಿದರೆ ಹೆದರುವುದಿಲ್ಲ ಆದರೆ ಕೋಳಿ ಕಂಡರೆ ಹೆದರುತ್ತಾಳೆ ಎಂಬುದೆಲ್ಲ ನನಗೆ ಗೊತ್ತಿತ್ತು. ಅವಳು ಒಮ್ಮೆ ಕೆಮ್ಮಿದಳು. ನಾನು ಕಟ್ಟೆಯಿಂದ ಅರ್ಧ ಎದ್ದಿದ್ದೆ. ಮಂದಿಯ ಹೊರೆ ಹೊತ್ತು ನನ್ನ ಬೆನ್ನು ಬಾಗಿತ್ತು ಅಂದುಕೊಂಡಿದ್ದೆನಲ್ಲ, ಅವತ್ತು ಮೊದಲ ಸಲ ನೆಟ್ಟಗೆ ಕೂತೆ. ದೇವರ ಮುಖ ನೋಡಿದವರಿಗೆ ಹೀಗೇ ಆಗುತ್ತದೇನೋ ಅನ್ನಿಸಿತು.

ಮಧ್ಯಾಹ್ನ ಅಡಿವೆಪ್ಪ ಹೊರಗೆ ಬಂದ. ಮುಖ ತೊಳೆದಿಟ್ಟ ಹಾಗಿತ್ತು. ಅಂಗೈ ಇಟ್ಟು ‘ಕೊಡು’ ಅಂದ, ನಾನು ‘ತಗೋ’ ಅಂದೆ. ತೆಗೆದುಕೊಂಡ ಕೂಡಲೇ ಅವನು ಓಡಿಹೋಗಿ ಮಗಳನ್ನು ಎತ್ತಿಕೊಂಡು ಅತ್ತುಬಿಟ್ಟ. ನಾನು ಖಾಲಿ ಕೈ ನೋಡುತ್ತ ಕೂತೆ. ಕಟ್ಟೆಯಿಂದ ಎದ್ದು ಮನೆಗೆ ಹೋಗಿ ಒಲೆ ಹಚ್ಚಿದೆ, ಊಟ ಸೇರಲಿಲ್ಲ.

ಆಮೇಲೆ ಪ್ರತಿ ಸೋಮವಾರ ಬಂದ. ಮೊದಮೊದಲು ಮಧ್ಯಾಹ್ನಕ್ಕೆ ಹೊರಗೆ ಬರುತ್ತಿದ್ದವನು ಬರಬರುತ್ತ ಇಳಿಹೊತ್ತಿಗೆ ಬರತೊಡಗಿದ. ನನಗೆ ಬೇಸರವಿರಲಿಲ್ಲ. ಭಾನುವಾರದಿಂದಲೇ ನಾನು ದಾರಿ ಕಾಯುತ್ತಿದ್ದೆ. ಮೊರದ ಕೆಳಗೆ ಹುರಿಗಡಲೆ ಬೆಲ್ಲ ಕಟ್ಟಿಟ್ಟುಕೊಂಡು ಬರುತ್ತಿದ್ದೆ. ಬಾಳವ್ವನಿಗೆ ವಾಸನೆ ಬಡಿಯಿತು. “ಶಾವಂತ್ರೀ, ಕೂಸಿನ ಹೊರಿ ಹಿಡೀಲಿಕ್ಕತ್ತಿ ಏನ?” ಎಂದು ಕೇಳಿದಳು. ಇಲ್ಲವೆಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅಂತಾರಲ್ಲ, ಹಾಗೆ ನನ್ನ ಕೈ ತಾನಾಗಿಯೇ ಸೆರಗಿನ ಕೆಳಗೆ ಹೋಯಿತು. ಅವಳು ಮತ್ತೆ ಕೇಳಲಿಲ್ಲ.

ಶ್ರಾವಣದ ಒಂದು ಸಂಜೆ, ಸೂರ್ಯ ಇನ್ನೂ ಗುಡ್ಡದ ಮೇಲಿರುವಾಗ, ಅಡಿವೆಪ್ಪ ಹೊರಗೆ ಬಂದು ನನ್ನ ಮುಂದೆ ಕೂರಲಿಲ್ಲ. ನಿಂತೇ ಇದ್ದ. “ಇವತ್ತೊಂದಿನ ನಿನ್ನ ಹತ್ರ ಇರ್ಲಿ ಯಕ್ಕಾ. ಈಗ ತಗೊಂಡ್ರ ಅವನು ಹೋಗಿಬಿಡತಾನ” ಅಂದ. ಕಟ್ಟಳೆಯ ಪ್ರಕಾರ ನಾನು ಕಟ್ಟೆಯ ಮೇಲೆ ನಿಂತು ಕೂಗಬೇಕಾಗಿತ್ತು. ಬಾಯಿ ತೆರೆದರೆ ಹತ್ತು ಜನ ಓಡಿ ಬರುತ್ತಿದ್ದರು. ನಾನು ಬಾಯಿ ತೆರೆದೆ. “ಆಗ್ಲಿ ತಮ್ಮಾ, ಒಂದಿನ ತಾನ” ಅಂದೆ. ಆ ಒಂದು ದಿನ ನನಗೂ ಬೇಕಾಗಿತ್ತು. ಅವನು ಮಗಳ ಮುಂದೆ ಹಾದು ಮೆಟ್ಟಿಲಿಳಿದ. ಅವಳು ಎದ್ದು ಅವನ ಹಿಂದೆ ಓಡಿದಳು.

ಒಂದು ದಿನ ವಾರವಾಯಿತು, ವಾರ ತಿಂಗಳಾಯಿತು. ಅಡಿವೆಪ್ಪ ದಿನಾ ಬರತೊಡಗಿದ, ನನ್ನ ಮುಂದೆ ಕೂರದೆ ನೇರ ಒಳಗೆ ನಡೆದ. ಊರು ಅವನನ್ನು ನೋಡುವ ರೀತಿಯೇ ಬದಲಾಯಿತು. ಹೊರೆಯವರ ಹಂಗಿಲ್ಲದೆ ಹೊಸ್ತಿಲು ದಾಟುವ ಶರಣ ಎಂದು ಜನ ಎದ್ದು ನಿಂತು ಕೈ ಮುಗಿದರು. ಬಾಣಂತಿಯರು ಕೂಸುಗಳನ್ನು ತಂದು ಅವನ ಕಾಲ ಬಳಿ ಮಲಗಿಸಿದರು. ಅವನು ಆ ಕೂಸುಗಳ ತಲೆ ಮುಟ್ಟುತ್ತಿದ್ದ. ಮುಟ್ಟುವ ಕೈಯಲ್ಲಿ ಏನೂ ಇರಲಿಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ.

ಮಗಳನ್ನು ಅವನು ಬಡಿಯಲಿಲ್ಲ, ಬೈಯಲಿಲ್ಲ. ಅದಾದರೂ ಮಾಡಿದ್ದರೆ ಊರಿಗೆ ಕಾಣುತ್ತಿತ್ತು. ಹೊತ್ತು ಹೊತ್ತಿಗೆ ಎತ್ತಿಗೆ ಹಿಂಡಿ ಇಟ್ಟ, ಅವಳಿಗೆ ರೊಟ್ಟಿ ಇಟ್ಟ. ಹೆರಳು ಹಾಕುವುದು ನಿಂತಿತು; ಕೂದಲು ಜಡೆಗಟ್ಟಿತು. ನಾನು ಎಣ್ಣೆ ತರುವ ನೆಪದಲ್ಲಿ ಗಾಣದ ಮನೆಗೆ ಹೋಗಿ ನೋಡುತ್ತಿದ್ದೆ. ಹೊಳೆವ್ವ ದಿನವಿಡೀ ಗಾಣದ ಹಲಗೆಯ ಮೇಲೆ ಕೂತು ಎತ್ತಿನ ಹಿಂದೆ ಸುತ್ತುತ್ತಿದ್ದಳು. ಒರಳಿಗೆ ಎಳ್ಳು ತಳ್ಳುತ್ತ ಕೂತಿರುತ್ತಿದ್ದ ಅಪ್ಪನ ಎದುರಿಗೆ ಸುತ್ತಿಗೊಮ್ಮೆ ಅವಳು ಬರುತ್ತಿದ್ದಳು. ಬಂದಾಗಲೆಲ್ಲ ಮುಖ ಅರಳಿಸುತ್ತಿದ್ದಳು. ಅವನು ಎಳ್ಳು ನೋಡುತ್ತಿದ್ದ. ಎತ್ತು ಅವಳನ್ನು ಮುಂದಕ್ಕೆ ಒಯ್ಯುತ್ತಿತ್ತು. ಮತ್ತೆ ಸುತ್ತಿ ಬರುವಷ್ಟರಲ್ಲಿ ಅವಳು ಮುಖವನ್ನು ಮತ್ತೆ ಸಿದ್ಧ ಮಾಡಿಕೊಂಡಿರುತ್ತಿದ್ದಳು. ಅದನ್ನು ನೋಡಿಕೊಂಡು ನಿಲ್ಲುವುದು ನನ್ನಿಂದಾಗುತ್ತಿರಲಿಲ್ಲ.

ಅವಳನ್ನು ನನ್ನ ಮನೆಗೆ ಕರೆದುಕೊಂಡು ಬಂದೆ. ತಲೆಗೆ ಎಣ್ಣೆ ಹಚ್ಚಿ, ಗಂಟು ಬಿಡಿಸಿ, ಎಂದೂ ಹೆರಳು ಹಾಕದ ನನ್ನ ಕೈ ಅಪ್ಪನ ಹಾಗೆಯೇ ಎರಡು ಹೆರಳು ಹಾಕಿತು, ಬಲಗಡೆಯದು ಸ್ವಲ್ಪ ಮೇಲಕ್ಕೆ. ಅವಳು ಹೆರಳು ಮುಟ್ಟಿ ನೋಡಿಕೊಂಡು ನನ್ನ ಕಡೆ ತಿರುಗಿದಳು. ಬಹಳ ಹೊತ್ತು ನನ್ನ ಕಣ್ಣಿನಲ್ಲಿ ಏನನ್ನೋ ಹುಡುಕಿದಳು.

“ದೊಡ್ಡವ್ವಾ, ನೀ ಯಾಕ ನಮ್ಮಪ್ಪನಂಗ ನೋಡ್ತಿ?” ಅಂದಳು.

ನಾನು ತಲೆ ಬಾಚುವ ಹಣಿಗೆ ಬಿದ್ದಿತೆಂದು ನೆಪ ಮಾಡಿ ಬಗ್ಗಿದೆ. ಅವಳು ಬಿಡಲಿಲ್ಲ, ಹತ್ತಿರ ಬಂದು ನನ್ನ ಗದ್ದ ಹಿಡಿದು ಮುಖ ಎತ್ತಿದಳು. ಆಮೇಲೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಅಪ್ಪ ಎಲ್ಲಿಗೆ ಹೋಗಿದ್ದಾನೆಂದು ಅವಳಿಗೆ ಗೊತ್ತಾಗಿತ್ತು. ಅಂದಿನಿಂದ ಕತ್ತಲಾಗುವವರೆಗೆ ನನ್ನ ಮನೆಯಲ್ಲೇ ಇರುತ್ತಿದ್ದಳು. ಆ ಎರಡು ತಿಂಗಳು ನಾನು ಬದುಕಿದೆ. ಅದಕ್ಕೆ ಮುಂಚೆ ಏನು ಮಾಡುತ್ತಿದ್ದೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಡಿವೆಪ್ಪ ಒಳಗೆ ಹೋಗದೆ ನನ್ನ ಮುಂದೆ ಬಂದು ಕೂತ. ಅವನು ಸಮಾಧಾನವಾಗಿ, ಹೊಲದ ಬದುವಿನ ವಿಷಯ ಹೇಳುವವನಂತೆ ಹೇಳಿದ. ನಿನ್ನೆ ಗಾಣದ ಮನೆಯಲ್ಲಿ ಯಾರೋ ‘ಯಪ್ಪಾ’ ಎಂದು ಕರೆದರಂತೆ. ಯಾರನ್ನು ಕರೆಯುತ್ತಿದ್ದಾರೆ ಎಂದು ಅವನು ಹಿಂದೆ ತಿರುಗಿ ನೋಡಿದನಂತೆ. ಅಲ್ಲಿ ಯಾರೂ ಇರಲಿಲ್ಲ, ಕರೆದದ್ದು ಮಗಳು, ಅವನನ್ನೇ. “ನನಗ ಏನೂ ಅನಸಲಿಲ್ಲ ಯಕ್ಕಾ. ಆದ್ರ ಇದು ಸರಿ ಅಲ್ಲ ಅಂತ ತಲಿಗೆ ತಿಳೀತು. ಅವನ ಮಾರಿ ನೋಡಾಕ ಒಂದು ಕೂಸಿನ್ನ ಹಿಂಗ ಮಾಡಬಾರದು. ನಾ ಹೊರಗ ನಿಂತ್ರೂ ಅಡ್ಡಿಯಿಲ್ಲ” ಅಂದು ಅಂಗೈ ಚಾಚಿದ. “ಕೊಡು.”

ಅವನು ಎಂಥ ಒಳ್ಳೆಯವನೆಂದು ಆಗ ನನಗೆ ತಿಳಿಯಿತು. ಪ್ರೀತಿಯ ಒಂದು ಹನಿಯೂ ಉಳಿಯದೆ, ಬರೀ ನ್ಯಾಯದ ಬಲದಿಂದ ಎದ್ದು ಬಂದಿದ್ದ. ಏಳು ವರ್ಷ ಕಾದು ಪಡೆದ ದೇವರನ್ನು ಬಿಟ್ಟು ಬಂದಿದ್ದ. ನಾನು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಆದರೆ ನನ್ನ ತೊಡೆಯ ಮೇಲೆ ಆ ತಲೆಯ ಭಾರ ಇನ್ನೂ ಇತ್ತು. ಹೆರಳಿನ ಎಣ್ಣೆಯ ವಾಸನೆ ಬೆರಳಿನಲ್ಲಿತ್ತು. ಇದು ಹೋದರೆ ನನಗೆ ಉಳಿಯುವುದು ಸತ್ತವನ ಮನೆಯ ಅಗಳಿ ಒಂದೇ.

“ಬಿಟ್ಟ ಹೊರಿ ಮೂರು ತಿಂಗಳಿಗೆ ಆರಿಹೋಗತೈತಿ ತಮ್ಮಾ. ನನ್ನ ಹತ್ರ ಏನೂ ಉಳದಿಲ್ಲ” ಅಂದೆ.

ನಲವತ್ತು ವರ್ಷ ಕಟ್ಟೆಯ ಮೇಲೆ ಕೂತ ಹೊರೆಯವಳ ಮಾತು. ಅವನೇಕೆ ಅನುಮಾನ ಪಡಬೇಕು? ಸ್ವಲ್ಪ ಹೊತ್ತು ತನ್ನ ಅಂಗೈಯನ್ನು ನೋಡಿಕೊಂಡ. ಅವನು ಅಳುತ್ತಾನೆ, ಎದೆ ಬಡಿದುಕೊಳ್ಳುತ್ತಾನೆ ಎಂದು ನಾನು ಹೆದರಿದ್ದೆ. ಅವನಿಗೆ ದುಃಖವೇ ಆಗಲಿಲ್ಲ. ಮಗಳಿಗಾಗಿ ದುಃಖ ಪಡುವುದೂ ನನ್ನ ಹತ್ತಿರವೇ ಇತ್ತಲ್ಲ. “ಹಂಗಾರ ಕೂಸಿಗೆ ಬ್ಯಾರೆ ಏನರ ಮಾಡಬೇಕು” ಎಂದು ತನಗೆ ತಾನೇ ಹೇಳಿಕೊಂಡು ಎದ್ದು ಗುಡಿಯ ಒಳಗೆ ಹೋದ. ಆ ಮಾತನ್ನು ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ನನ್ನ ಹೊರೆ ಉಳಿಯಿತು ಎಂಬ ಸಂತೋಷದಲ್ಲಿದ್ದೆ.

ಕಳ್ಳಿಯ ಬುದ್ಧಿ ಕಳ್ಳಿಗೇ ಶತ್ರು. ಸಂಜೆ ಹೊಳೆವ್ವ ಬಂದು ಬಾಗಿಲು ತಟ್ಟಿದಾಗ ಹೆದರಿಕೆ ಹತ್ತಿತು. ಅವಳು ನನ್ನ ಮನೆಯಲ್ಲಿ ಓಡಾಡುತ್ತಿದ್ದರೆ, ನಾನು ಅವಳನ್ನು ನೋಡುವ ರೀತಿಯನ್ನು ಯಾರಾದರೂ ಕಂಡು ಅಡಿವೆಪ್ಪನಿಗೆ ಹೇಳಿದರೆ? ಆರಿಹೋದ ಹೊರೆ ಹೀಗೆ ಕಣ್ಣಿನಲ್ಲಿ ಉರಿಯುತ್ತದೆಯೇ ಎಂದು ಬಾಳವ್ವ ಕೇಳಿದರೆ? ನಾಲ್ಕು ದಿನ ತಣ್ಣಗಾಗಲಿ, ಆಮೇಲೆ ಕರೆಸಿಕೊಂಡರಾಯಿತು ಅಂದುಕೊಂಡೆ. ಮೈಗೆ ಸರಿಯಿಲ್ಲ, ಅಪ್ಪನ ಹತ್ತಿರ ಹೋಗು ಎಂದು ಒಳಗಿನಿಂದಲೇ ಹೇಳಿದೆ. “ನಾನಽ ದೊಡ್ಡವ್ವಾ, ಹೊಳೆವ್ವ” ಅಂದಳು, ನನಗೆ ಗುರುತು ಸಿಕ್ಕಿಲ್ಲವೇನೋ ಎಂಬಂತೆ. ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಅವಳ ಹೆಜ್ಜೆ ಅಂಗಳ ದಾಟುವವರೆಗೂ ಬಾಯಿಗೆ ಸೆರಗು ತುರುಕಿಕೊಂಡಿದ್ದೆ. ಮರುದಿನವೂ ಬಂದಳು. ಮೂರನೆಯ ದಿನವೂ ಬಂದಳು. ನಾಲ್ಕನೆಯ ದಿನ ಬರಲಿಲ್ಲ. ಆ ನಾಲ್ಕೂ ದಿನ ನಾನು ಕಟ್ಟೆಗೂ ಹೋಗಲಿಲ್ಲ.

ಐದನೆಯ ದಿನ ಹೋದೆ. ಬಾಳವ್ವ ಪಕ್ಕಕ್ಕೆ ಸರಿದು ಜಾಗ ಕೊಟ್ಟು, ಮೈ ಹೇಗಿದೆ ಎಂದು ಕೇಳಿ, ಸುದ್ದಿ ಹೇಳಿದಳು. ಹಿಂದಿನ ದಿನ ಉಪ್ಪು ಮಾರುವ ಗಂಡ ಹೆಂಡತಿ ಕತ್ತೆಗಳನ್ನು ಹೊಡೆದುಕೊಂಡು ಬಂದು ದೇವರಿಗೆ ಹೋಗಿದ್ದರಂತೆ. ಮಕ್ಕಳಿಲ್ಲವೆಂದು ಅಡಿವೆಪ್ಪನ ಕಾಲು ಹಿಡಿದರಂತೆ. ನೋಡಿಕೊಳ್ಳುವವರಿಲ್ಲದ ಕೂಸು ಇದೆ, ಅನ್ನ ಹಾಕುವುದಾದರೆ ಕರೆದುಕೊಂಡು ಹೋಗಿ ಎಂದು ಅವನು ಹೊಳೆವ್ವನ ಕೈ ಹಿಡಿದು ಒಪ್ಪಿಸಿದನಂತೆ. ಒಂದು ಕಂಬಳಿಯನ್ನೂ ಕೊಟ್ಟನಂತೆ. ಎಂಥ ತ್ಯಾಗ ಎಂದು ಊರವರು ಕಣ್ಣೀರು ಹಾಕಿದರಂತೆ. “ಕೂಸು ಹೋಗೂದಿಲ್ಲ ಅಂತ ನಿಮ್ಮನಿ ಕಡೆ ಕೈ ಮಾಡಿ ಅಳತಿತ್ತು. ನೀ ಮಲಗಿದ್ದಿ” ಅಂದಳು.

ಆ ಉಪ್ಪಿನವರ ಹೊರೆ ಹಿಡಿದವರು ಯಾರು ಎಂದು ಕೇಳಿದೆ. ಬಾಳವ್ವ ತಾನೇ ಎಂದಳು. ಇಬ್ಬರದೂ ತಾನೇ ಹಿಡಿದಿದ್ದೆ ಎಂದಳು. ಏನಿತ್ತು ಹೇಳು ಎಂದೆ. ಹೊರೆಯ ಮಾತು ಹೊರೆಯವಳು ಹೊರೆಯವಳಿಗೂ ಹೇಳಬಾರದು. ಅವಳು ಜೋಳದ ಮೊರವನ್ನು ಪಕ್ಕಕ್ಕೆ ಸರಿಸಿದಳು.

“ಹೆಣ್ಣುಮಗಳದು ಕೂಸಿನ ಆಸೆ, ಅಂಥಾ ಕೆಟ್ಟದ್ದಲ್ಲ. ಗಂಡಂದು ಕೂಸಿನ ಆಸೆ ಅಲ್ಲ ಶಾವಂತ್ರಿ. ಕತ್ತೆ ಹೊಡಿಯಾಕ, ಮೂಟಿ ಹೊರಾಕ ಪುಕ್ಕಟ ಒಂದು ಕೈ ಬೇಕಾಗಿತ್ತು ಅವಗ” ಅಂದಳು.

ನಾನು ಅರಳಿಮರದ ಕೆಳಗೆ ಕೂತಿದ್ದ ಅಡಿವೆಪ್ಪನ ಹತ್ತಿರ ಓಡಿದೆ. ಎಲ್ಲವನ್ನೂ ಹೇಳಿದೆ. ಹೊರೆ ಆರಿಲ್ಲ, ಆರುವುದೂ ಇಲ್ಲ, ನಾನು ಸುಳ್ಳು ಹೇಳಿದೆ, ನಿನ್ನ ಮಗಳ ಮೇಲಿನ ಜೀವವೆಲ್ಲ ಇಲ್ಲೇ ಇದೆ ಎಂದು ಅಂಗೈ ತೋರಿಸಿದೆ. ಅವನು ಸಿಟ್ಟಾಗಲಿಲ್ಲ. ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗೆ. ನನಗೆ ಅದು ಬೇಕಾಗಿತ್ತು ಎಂದೆ. ಹಾಗಾದರೆ ಇಟ್ಟುಕೋ ಎಂದ. ಉಪ್ಪಿನವರ ಊರು ಯಾವುದು ಎಂದು ಕೇಳಿದೆ. ಅವನು ನೆನಪು ಮಾಡಿಕೊಳ್ಳಲು ನೋಡಿದ. ಊರಿನ ಹೆಸರು ಕೇಳಬೇಕೆಂದೇ ಅವನಿಗೆ ಹೊಳೆದಿರಲಿಲ್ಲ. ಅವರ ಹೆಸರನ್ನೂ ಕೇಳಿರಲಿಲ್ಲ. ಪರ ಊರಿಗೆ ಕರು ಮಾರಿದವರು ಕೂಡ ಅದನ್ನು ಕೇಳಿಕೊಳ್ಳುತ್ತಾರೆ.

“ತಗೋ ತಮ್ಮಾ” ಎಂದು ಅವನ ಕೈ ಹಿಡಿದೆ. “ಕತ್ತೆ ಮ್ಯಾಲ ಹೋಗ್ಯಾರ, ಇನ್ನೂ ದೂರ ಮುಟ್ಟಿರೂದಿಲ್ಲ. ನೀ ಅಪ್ಪ ಅದಿ. ನೀ ಹೋಗಿ ಕೇಳಿದ್ರ ಕೊಡತಾರ, ನಾ ಹೋದ್ರ ಯಾರು ಅಂತಾರ. ‘ಕೊಡು’ ಅನ್ನು. ಒಂದ ಮಾತು.”

ಅವನು ಪ್ರಾಮಾಣಿಕವಾಗಿ ಯೋಚಿಸಿದ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅಂದು ನ್ಯಾಯವೆಂದು ಕೈ ಚಾಚಿ ಬಂದೆ ಯಕ್ಕಾ, ನೀನು ಇಲ್ಲವೆಂದೆ. ಕೂಸಿಗೆ ಅನ್ನ ಕಾಣಿಸಿದೆ, ಅಲ್ಲಿಗೆ ನ್ಯಾಯ ಮುಗಿಯಿತು ಎಂದ. ಈಗ ತೆಗೆದುಕೊಂಡರೆ ನಿನ್ನ ಹಾಗೆ ಎದೆ ಬಡಿದುಕೊಂಡು ಅಳಬೇಕು, ಅದು ಬೇಕೆಂದು ಯಾರಾದರೂ ಕೈ ಚಾಚುತ್ತಾರೆಯೇ ಎಂದು ನನ್ನನ್ನೇ ಕೇಳಿದ. ಅದು ಬೇಕು ಅನ್ನಿಸಲು ಅದೇ ಒಳಗಿರಬೇಕು. ಅವನ ಅಂಗೈಯನ್ನು ನನ್ನ ಅಂಗೈಗೆ ಒತ್ತಿ ತಗೋ, ತಗೋ ಎಂದು ಕೂಗಿದೆ. ಒಂದು ಕಾಳೂ ಕದಲಲಿಲ್ಲ. ಶರಣರ ಮೈಮೇಲೆ ಬೀಳುತ್ತಾಳೆ ಎಂದು ಜನ ಬಂದು ನನ್ನನ್ನು ಬಿಡಿಸಿದರು. ಪಂಚರ ಹತ್ತಿರ ಹೋದೆ. ಅಂದು ಸಂಜೆ ಯಾಕೆ ಕೂಗಲಿಲ್ಲ ಎಂದು ಅವರು ಕೇಳಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬುತ್ತಿ ಕಟ್ಟಿಕೊಂಡು ನಾನೇ ಹೊರಟೆ. ಹೊಳೆಯ ದಡದಲ್ಲಿ ಅಂಬಿಗ, ಕತ್ತೆಗಳನ್ನೂ ಒಂದು ಕೂಸನ್ನೂ ದಾಟಿಸಿದ್ದು ನೆನಪಿದೆ ಎಂದ. ಕೂಸು ದೋಣಿಯಲ್ಲಿ ಸುಮ್ಮನೆ ಕೂತಿತ್ತು, ಅಳುತ್ತಿರಲಿಲ್ಲ ಎಂದ. ಅದನ್ನು ಕೇಳಿ ನನಗೆ ಇನ್ನಷ್ಟು ಸಂಕಟವಾಯಿತು. ಅವಳು ಅಳುವುದನ್ನು ನಿಲ್ಲಿಸಿದ್ದಳೆಂದರೆ ಕರೆಯಲು ಯಾರೂ ಇಲ್ಲ ಎಂದು ತಿಳಿದಿದ್ದಳು. ಆಚೆ ದಡದಲ್ಲಿ ಮೂರು ದಾರಿ. ಮೂರನ್ನೂ ನಡೆದೆ. ಸಂತೆಗಳಲ್ಲಿ ಉಪ್ಪಿನವರನ್ನೆಲ್ಲ ಕೇಳಿದೆ. ಎಲ್ಲರ ಹತ್ತಿರವೂ ಕತ್ತೆಗಳಿದ್ದವು, ಮಕ್ಕಳೂ ಇದ್ದವು. ಒಂದೊಂದು ಮಗುವೂ ತಿರುಗಿ ನೋಡಿದಾಗ ನನ್ನ ಜೀವ ಮೇಲೆದ್ದು ಮತ್ತೆ ಕೆಳಗೆ ಬಿತ್ತು. ಕಾಲು ಬಾತು ನಡೆಯಲಾಗದಾದಾಗ ಯಾರೋ ಗಾಡಿಯಲ್ಲಿ ಕೂರಿಸಿ ಊರಿಗೆ ತಂದು ಬಿಟ್ಟರು.

ಈಗ ಎರಡು ವರ್ಷವಾಯಿತು. ಕಟ್ಟೆಯ ಮೇಲೆ ಕೂರುತ್ತೇನೆ, ಆದರೆ ಹೊರೆ ಹಿಡಿಯಲು ಬರುವುದಿಲ್ಲ. ಕೈ ತುಂಬಿದೆ, ಬೇರೆಯದು ನಿಲ್ಲುವುದಿಲ್ಲ. ಬಾಳವ್ವ ತನ್ನ ಮೊರದಿಂದ ನನಗೂ ಒಂದಿಷ್ಟು ಕಾಳು ಹಾಕುತ್ತಾಳೆ. ಅಡಿವೆಪ್ಪ ಗಾಣವನ್ನು ಅಣ್ಣನ ಮಕ್ಕಳಿಗೆ ಬಿಟ್ಟುಕೊಟ್ಟು ಗುಡಿಯಲ್ಲೇ ಇದ್ದಾನೆ. ದಿನಾ ಬೆಳಿಗ್ಗೆ ಹೊಳೆಗೆ ಹೋಗಿ ಮಿಂದು ಬರುತ್ತಾನೆ. ಅವನು ಕಟ್ಟೆಯ ಮುಂದೆ ಹಾಯುವಾಗ ದಿನಾ ನಾನು ಅಂಗೈ ಚಾಚುತ್ತೇನೆ. ಬಹಳ ದಿನ ಅವನು ಸುಮ್ಮನೆ ಹೋಗುತ್ತಿದ್ದ.

ಇವತ್ತು ನಿಂತ. ನನ್ನ ಮುಂದೆ ಕೂತ. ಅವನ ಮುಖದಲ್ಲಿ ಎಂಥ ಕರುಣೆ ಇತ್ತೆಂದರೆ, ‘ಕೊಡು’ ಅನ್ನಲು ಬಂದನೆಂದು ನಾನು ಅಂಗೈಯನ್ನು ಇನ್ನಷ್ಟು ಮುಂದೆ ಚಾಚಿದೆ. ಒದ್ದೆ ಕೈಯನ್ನು ಎತ್ತಿ ನನ್ನ ತಲೆಯ ಮೇಲಿಟ್ಟ.

“ಮಂದಿ ಕೂಸಿಗೆ ಇಷ್ಟ್ಯಾಕ ಅಳ್ತಿ ಯಕ್ಕಾ?” ಅಂದ.

ಅಂದು, ಎದ್ದು, ಹೊಸ್ತಿಲು ದಾಟಿ ಒಳಗೆ ಹೋದ.